ಕಲ್ಲಿಗೆ ನೀರು ಹೊತ್ತ ಫಾದರ್

ಮೊನ್ನೆ ಶಿರಸಿ ಪೇಟೆಗೆ ಹೋದವನಿಗೆ ಒಂದು ಅಂಗಡಿಯ ಎದುರು ಕಾಲು ಮುಂದಕ್ಕೆ ಹೋಗಲಿಲ್ಲ. ಕ್ರಿಸ್ಮಸ್ಸಿಗೆ ಮೊದಲಿನ ವಾರ. ಕಾಗದದ ನಕ್ಷತ್ರಗಳು, ಹತ್ತಿಯ ಹಿಮ, ಪ್ಲಾಸ್ಟರಿನ ಕುರಿಮರಿಗಳು... ಅದೆಲ್ಲ ಪ್ರತಿವರ್ಷ ಇರುವುದೇ. ನನ್ನನ್ನು ತಡೆದದ್ದು ಒಂದು ವಾಸನೆ. ಒದ್ದೆ ಕಲ್ಲು, ಮಣ್ಣು, ಕೊಳೆತ ಎಲೆ, ತಣ್ಣೀರು ಎಲ್ಲ ಸೇರಿದರೆ ಬರುತ್ತದಲ್ಲ, ಆ ವಾಸನೆ. ಬೋಂಡಾ ಎಣ್ಣೆಯ ಹೊಗೆಯ ನಡುವೆ ಅದು ಎಲ್ಲಿಂದ ಬಂತು ಎಂದು ಹುಡುಕಿದರೆ, ಕುರಿಮರಿಗಳ ಪಕ್ಕದಲ್ಲಿ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿಟ್ಟ ಹಸಿರು ಪಾಚಿ ಕಂಡಿತು. ಯಾವುದೋ ಕಾಡಿನ ಯಾವುದೋ ಬಂಡೆಯಿಂದ ಎಬ್ಬಿಸಿ ತಂದದ್ದು. ಗೋದಲಿಗೆ ಹಾಸುವುದಕ್ಕೆ. ಯೇಸು ಹುಟ್ಟಿದ ಕೊಟ್ಟಿಗೆಯನ್ನು ಬೊಂಬೆಗಳಿಟ್ಟು ಕಟ್ಟುತ್ತೇವಲ್ಲ, ಅದೇ ಗೋದಲಿ. ಕ್ರಿಸ್ಮಸ್ಸಿಗೆ ನಮ್ಮಲ್ಲಿ ಚರ್ಚಿನಲ್ಲೂ ಮನೆಮನೆಯಲ್ಲೂ ಅದು ಇರಲೇಬೇಕು.

ಅಂಗಡಿಯ ಸಾಹೇಬರು ಪರಿಚಯದವರು. ಚೌತಿಗೆ ಮಂಟಪದ ಸರಂಜಾಮು, ರಂಜಾನಿಗೆ ಅತ್ತರು, ನಮ್ಮ ಹಬ್ಬಕ್ಕೆ ನಕ್ಷತ್ರ, ಹೀಗೆ ಯಾವ ದೇವರಿಗೂ ಕಡಿಮೆ ಮಾಡದ ವ್ಯಾಪಾರ ಅವರದ್ದು.

"ತಗೊಳ್ರಿ, ಏಕ್‌ದಂ ತಾಜಾ ಮಾಲು. ನಿನ್ನೆ ಸಂಜಿಗೆ ಬಂದೈತಿ," ಎಂದರು.

"ಎಲ್ಲಿಂದ ತಂದದ್ದು ಇದು?"

"ಅದೆಲ್ಲ ನನಗೇನ್ ಗೊತ್ರೀ, ಯಾರೋ ತಂದು ಕೊಡ್ತಾರ."

ನನಗೆ ಸಿಟ್ಟು ಬೇಗ ಬರುತ್ತದೆ. ಆದರೆ ಪಾಪ, ಅವರ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ? ಇದ್ದಷ್ಟೂ ಚೀಲಗಳನ್ನು ಕಟ್ಟಿಕೊಡಿ ಎಂದೆ. "ಭಾರಿ ದೊಡ್ಡ ಗೋದಲಿ ಮಾಡ್ತೀರಿ ಅನ್ರಿ ಈ ಸಲ!" ಎಂದು ಅವರು ಖುಷಿಯಿಂದ ಒಂದು ನಕ್ಷತ್ರವನ್ನು ಮೇಲಿಂದ ಕೊಟ್ಟರು. ಯಲ್ಲಾಪುರದ ಬಸ್ಸಿನಲ್ಲಿ ಚೀಲಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಪ್ಯಾಂಟು ಒದ್ದೆಯಾಯಿತು, ಪಕ್ಕದಲ್ಲಿ ಕೂತವರು ಸರಿದು ಕೂತರು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದರೂ ಕಣ್ಣೆದುರು ಇದ್ದದ್ದು ನಮ್ಮ ಫಾದರ್.

ಅವರು ನಮ್ಮ ಚರ್ಚಿಗೆ ಬಂದಾಗ ನನಗೆ ಮದುವೆಯಾಗಿ ಕೆಲವು ವರ್ಷವಾಗಿತ್ತು. ಯಲ್ಲಾಪುರದಿಂದ ಚಂದಗುಳಿಯ ದಿಕ್ಕಿಗೆ ಹೋಗುವ ರಸ್ತೆಯಿಂದ ಒಳಕ್ಕೆ ಹೋದರೆ ನಮ್ಮ ಊರು. ಗುಡ್ಡದ ಬುಡದಲ್ಲಿ ಚಿಕ್ಕ ಚರ್ಚು, ಅದರ ಹಿಂದೆ ನಾವು ಒಂದಷ್ಟು ಕ್ರೈಸ್ತ ಮನೆಯವರು. ನನ್ನದು ಕರೆಂಟಿನ ಕೆಲಸ. ಮನೆಗಳ ವೈರಿಂಗ್, ಪಂಪು ರಿಪೇರಿ, ಮತ್ತೆ ಡಿಸೆಂಬರ್ ಬಂತೆಂದರೆ ಗೋದಲಿಯ ದೀಪ. ದೀಪದ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು, ಇಲ್ಲವೆಂದು ಏಕೆ ಹೇಳಲಿ.

ಫಾದರ್ ಹೊನ್ನಾವರದ ಕಡೆಯ ಸಮುದ್ರ ತೀರದವರು. ಅವರ ಅಪ್ಪ ದೋಣಿಯಲ್ಲಿ ಮೀನಿಗೆ ಹೋಗುತ್ತಿದ್ದವರಂತೆ. ದಪ್ಪ ದನಿ, ನುಣ್ಣಗಿನ ಬೋಳುತಲೆ, ನಕ್ಕರೆ ಚರ್ಚಿನ ಹೆಂಚಿನಡಿ ಕೂತ ಪಾರಿವಾಳಗಳು ಏಳಬೇಕು. ಕಾಡಿನ ವಿಷಯ ಅವರಿಗೆ ಒಂದು ಚೂರೂ ಗೊತ್ತಿರಲಿಲ್ಲ. ಹಲಸಿನ ಗಿಡ ಯಾವುದು, ಹೆಬ್ಬಲಸು ಯಾವುದು ಎಂದು ಕೇಳಿದರೆ ಎರಡಕ್ಕೂ ತಲೆಯಾಡಿಸುತ್ತಿದ್ದರು. ರಕ್ತ ಹೀರುವ ಉಂಬಳವೆಂದರೆ ಜೀವ ಹೋದಷ್ಟು ಹೆದರಿಕೆ. ಮಳೆಗಾಲದಲ್ಲಿ ರೋಗಿಗಳ ಮನೆಗೆ ಹೋಗುವಾಗ ಒಂದು ಕೈಯಲ್ಲಿ ಪ್ರಾರ್ಥನೆಯ ಪುಸ್ತಕ, ಇನ್ನೊಂದು ಕೈಯಲ್ಲಿ ಉಪ್ಪಿನ ಗಂಟು.

ಬಂದ ದಿನವೇ ನಾನು ಅವರನ್ನು ಚರ್ಚಿನ ಹಿಂದಿನ ಗುಡ್ಡಕ್ಕೆ ಕರೆದುಕೊಂಡು ಹೋದೆ, ನೀರಿನ ಪೈಪು ತೋರಿಸುವುದಕ್ಕೆ. ನಮಗೆಲ್ಲ ಅಬ್ಬಿ ನೀರು. ಗುಡ್ಡದ ಅರ್ಧದಲ್ಲಿ ಒಂದು ದೊಡ್ಡ ಬಂಡೆ ಇದೆ. ಅದರ ಮೈಯೆಲ್ಲ ಪಾಚಿ. ಆ ಪಾಚಿಯ ಒಳಗಿಂದ ಸದ್ದಿಲ್ಲದೆ ನೀರು ಒಸರಿ, ಬುಡದ ಒಂದು ಅಂಚಿಗೆ ಬಂದು ಧಾರೆಯಾಗಿ ಕಲ್ಲಿನ ಗುಂಡಿಗೆ ಬೀಳುತ್ತದೆ. ಅಲ್ಲಿಂದ ಪೈಪಿನಲ್ಲಿ ಚರ್ಚಿಗೆ, ನಮ್ಮ ಮನೆಗಳಿಗೆ. ಮಿಕ್ಕದ್ದು ಹರಿದು ಕೆಳಮನೆಯ ಗದ್ದೆಗೆ. ಫಾದರ್ ಬೊಗಸೆಯೊಡ್ಡಿ ಕುಡಿದರು. ಮತ್ತೆ ಕುಡಿದರು. ಆಮೇಲೆ ಬಂಡೆಯ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಂತುಬಿಟ್ಟರು.

"ಗೋಡ್ ಉದಾಕ್," ಎಂದರು. ನಮ್ಮ ಕೊಂಕಣಿಯಲ್ಲಿ ಸಿಹಿ ನೀರು. ಅವರ ಮನೆಯ ಬಾವಿಯಲ್ಲಿ ಬೇಸಿಗೆ ಬಂದರೆ ಉಪ್ಪು ನೀರಂತೆ. ಅವರ ಅವ್ವ ಸಿಹಿ ನೀರಿಗಾಗಿ ಕೊಡ ಹೊತ್ತು ಮರಳಿನಲ್ಲಿ ದೂರ ನಡೆಯುತ್ತಿದ್ದರಂತೆ. "ಕಲ್ಲಿನಿಂದ ನೀರು ಬಂತು ಅಂತ ಬೈಬಲಿನಲ್ಲಿ ಓದ್ತಾ ಬಂದೆ ಮಾರಾಯ. ಇವತ್ತು ಕಂಡೆ," ಎಂದರು. ನಾನು ಪೈಪಿನ ಜೋಡಣೆ ತೋರಿಸುತ್ತಿದ್ದೆ. ಹುಟ್ಟಿದಾಗಿನಿಂದ ನೋಡಿದ ನೀರು, ಅದರಲ್ಲಿ ಅಷ್ಟೊಂದು ಏನಿದೆ ಎಂದು ನನಗೆ ಅನಿಸಿತ್ತು.

ಆ ವರ್ಷದ ಕ್ರಿಸ್ಮಸ್ಸಿಗೆ ಅವರ ಉಮೇದು ಹೇಳತೀರದು. ಸುತ್ತಲಿನ ಚರ್ಚುಗಳ ನಡುವೆ ಗೋದಲಿಯ ಸ್ಪರ್ಧೆ ಇತ್ತು. ನಮ್ಮ ಚಿಕ್ಕ ಚರ್ಚನ್ನು ಯಾರೂ ಲೆಕ್ಕಕ್ಕೆ ಇಟ್ಟವರಲ್ಲ. ಈ ಸಲ ನಾವೇ ಗೆಲ್ಲಬೇಕು ಎಂದು ಫಾದರ್ ಟೊಂಕ ಕಟ್ಟಿದರು. ಬೆತ್ಲೆಹೇಮಿನ ಗುಡ್ಡ, ಕಣಿವೆ, ಹೊಳೆ ಎಲ್ಲ ಬೇಕು, ಎಲ್ಲ ಹಸಿರಾಗಿರಬೇಕು. ಹಿಂದೆ ನಾವು ಅಲ್ಲಿ ಇಲ್ಲಿ ಒಂದೊಂದು ಹಿಡಿ ಪಾಚಿ ತರುತ್ತಿದ್ದೆವು. ಆ ವರ್ಷ ಫಾದರ್ ತಾವೇ ನಮ್ಮನ್ನು ಆ ಬಂಡೆಗೆ ಕರೆದುಕೊಂಡು ಹೋದರು. ಕತ್ತಿಯ ಬೆನ್ನಿನಿಂದ ಅಂಚು ಎಬ್ಬಿಸಿ, ಜಮಖಾನೆ ಸುತ್ತುವ ಹಾಗೆ ಸುತ್ತಿ ಸುತ್ತಿ ತೆಗೆದೆವು. ಎಲ್ಲಕ್ಕಿಂತ ದೊಡ್ಡ ಹಾಳೆ, ಬಂಡೆಯ ನಡು ಎದೆಯಿಂದ, ಫಾದರ್ ತಮ್ಮ ಕೈಯಾರೆ ತೆಗೆದರು. ಹರಿಯದೆ ಬಂತು ಎಂದು ಎಷ್ಟು ಖುಷಿ! ಅದನ್ನು ಹೆಗಲ ಮೇಲೆ ಹಾಕಿಕೊಂಡು, ಕುರಿ ಹೊತ್ತ ಕುರುಬನ ಹಾಗೆ ನಗುತ್ತ ಇಳಿದರು.

ಬಹುಮಾನ ನಮಗೇ ಬಂತು. ಶಿರಸಿ, ಸಿದ್ದಾಪುರದಿಂದೆಲ್ಲ ಜನ ನೋಡಲು ಬಂದರು. ನನ್ನ ದೀಪವನ್ನೂ ಹೊಗಳಿದರು.

ಹಬ್ಬ ಮುಗಿದ ಮೇಲೆ ಒಣಗಿದ ಪಾಚಿಯನ್ನು ಗುಡಿಸಿ ಹಿತ್ತಿಲಿನ ತಿಪ್ಪೆಗೆ ಹಾಕಿದೆವು.

ಫೆಬ್ರವರಿಯಲ್ಲಿ ಧಾರೆ ಸಣ್ಣದಾಯಿತು. ಪೈಪು ಕಟ್ಟಿರಬೇಕೆಂದು ನಾನು ಊದಿ ನೋಡಿದೆ. ಈಸ್ಟರಿಗೆ ಮೊದಲಿನ ಉಪವಾಸದ ತಪಸ್ಸುಕಾಲ ಶುರುವಾಗುವ ಹೊತ್ತಿಗೆ ತೊಟ್ಟಿಕ್ಕತೊಡಗಿತು. ಒಂದು ಬೆಳಿಗ್ಗೆ ಗುಂಡಿಯ ತಳದಲ್ಲಿ ಒಂದು ಕಪ್ಪೆ, ಸ್ವಲ್ಪ ಕೆಸರು, ಅಷ್ಟೇ. ಬಂಡೆಯನ್ನು ಮುಟ್ಟಿದರೆ ಬಿಸಿ. ನಮ್ಮ ಅಜ್ಜಂದಿರ ಕಾಲದಿಂದಲೂ ಅದು ಬತ್ತಿದ್ದನ್ನು ಕಂಡವರಿರಲಿಲ್ಲ. ಪಾಚಿ ತೆಗೆದದ್ದಕ್ಕೇ ನೀರು ನಿಂತಿತೋ, ಆ ವರ್ಷ ಮಳೆ ಬೇಗ ಹೋದದ್ದಕ್ಕೋ, ಮೇಲಿನ ಕಾಡಿನ ತರಗೆಲೆಯನ್ನೆಲ್ಲ ಗೊಬ್ಬರಕ್ಕೆ ಗುಡಿಸಿ ಒಯ್ಯುತ್ತಿದ್ದದ್ದಕ್ಕೋ... ನನಗೆ ಇಂದಿಗೂ ಗೊತ್ತಿಲ್ಲ. ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು.  ಫಾದರ್ ನಗುವುದನ್ನು ಬಿಟ್ಟರು. ಹೆಂಗಸರೆಲ್ಲ ಕೆಳಮನೆಯ ಬಾವಿಯಿಂದ ನೀರು ಹೊರತೊಡಗಿದರು. ಏರು ದಾರಿ, ಸುಡುವ ಬಿಸಿಲು. ನನ್ನ ಹೆಂಡತಿ ಮನೆಗೆ ಬಂದು ಕೊಡ ಇಳಿಸುವ ಸದ್ದಿನಲ್ಲೇ ಅವಳ ಸಿಟ್ಟು ನನಗೆ ತಿಳಿಯುತ್ತಿತ್ತು.

ಆಮೇಲೆ ಆ ಭಾನುವಾರ. ಪ್ರಸಂಗದ ಹೊತ್ತಿಗೆ ಫಾದರ್ ಪೀಠದಿಂದ ಕೆಳಗಿಳಿದು ಬಂದರು. ನಮ್ಮ ಎದುರು, ನಾವು ಮೊಣಕಾಲೂರುವ ನೆಲದ ಮೇಲೆ, ನಮ್ಮ ಕಡೆಗೇ ಮುಖ ಮಾಡಿ ಮೊಣಕಾಲೂರಿದರು.  ಪಾದ್ರಿಯ ಕಿವಿಯಲ್ಲಿ ನಾವು ಪಾಪ ಹೇಳಿಕೊಳ್ಳುವುದು ಗೊತ್ತು. ಪಾದ್ರಿ ನಮ್ಮ ಹತ್ತಿರ ಹೇಳಿಕೊಳ್ಳುವುದನ್ನು ಯಾರು ಕಂಡಿದ್ದರು?

"ನಿಮ್ಮೆಲ್ಲರ ಹತ್ರ ಒಂದು ಪಾಪ ಹೇಳೂದದೆ ನನಗೆ," ಎಂದರು. ಆ ದೊಡ್ಡ ದನಿ ಅಂದು ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. "ದೇವರು ಆ ಕಲ್ಲಿಗೆ ಹೊದಿಸಿದ ಬಟ್ಟೆಯನ್ನು ನಾನು ಕಿತ್ತೆ. ಬಾಲಯೇಸುವಿಗೆ ಹಾಸಿದೆ ಅಂದ್ಕೊಂಡೆ. ಆ ಕೂಸು ಕೇಳಿತ್ತಾ? ಇಲ್ಲ. ನನಗೆ ಬಹುಮಾನ ಬೇಕಿತ್ತು. ಈಗ ನಿಮ್ಮ ಹೆಂಗಸರು ಬಿಸಿಲಲ್ಲಿ ನೀರು ಹೊರ್ತಾ ಇದ್ದಾರೆ." ಕೈ ಜೋಡಿಸಿದರು. "ನನ್ನ ಪ್ರಾಯಶ್ಚಿತ್ತ ಏನು, ನೀವೇ ಹೇಳಿ."

 ಯಾರು ಬಾಯಿ ಬಿಡುತ್ತಾರೆ? ಗಂಡಸರೆಲ್ಲ ಚಪ್ಪಲಿ ಬಿಟ್ಟ ಬಾಗಿಲ ಕಡೆ ನೋಡುತ್ತಿದ್ದೆವು. ಆಗ ಹೆಂಗಸರ ಸಾಲಿನಿಂದ ನನ್ನ ಹೆಂಡತಿ ಎದ್ದು ನಿಂತಳು. ಅವಳ ಬಾಯಿ ನನಗೆ ಗೊತ್ತಿತ್ತು.

"ನೀರು ಹೊರಿ ಫಾದರ್," ಎಂದಳು. "ನಾವು ಹೊರ್ತಾ ಇಲ್ವಾ? ನೀವೂ ಹೊರಿ."

ಅವಳು ಹೇಳಿದ್ದು ಸಿಟ್ಟಿನಲ್ಲಿ. ಫಾದರ್ ಮಾತ್ರ ತಲೆಬಾಗಿ "ಆಮೆನ್" ಎಂದರು. ಎದ್ದು ಪೀಠಕ್ಕೆ ಹೋಗಿ ಪೂಜೆ ಮುಂದುವರಿಸಿದರು.

ಮರುದಿನ ಬೆಳಿಗ್ಗೆ ಅವರು ಒಂದು ತಾಮ್ರದ ಕೊಡ ಹಿಡಿದು ಕೆಳಮನೆಯ ಬಾವಿಗೆ ಇಳಿದದ್ದನ್ನು ನಾವೆಲ್ಲ ನೋಡಿದೆವು. ಮೊದಲು ನಮ್ಮ ಕೇರಿಯ ಮುದುಕಿಯರ ಮನೆಗೆಲ್ಲ ನೀರು ತುಂಬಿಸಿಕೊಟ್ಟರು. ಆಮೇಲೆ ಇನ್ನೊಂದು ಕೊಡ ತುಂಬಿಕೊಂಡು ನಮ್ಮ ಮನೆಗಳನ್ನು ದಾಟಿ ಗುಡ್ಡ ಹತ್ತತೊಡಗಿದರು. ಎಲ್ಲಿಗೆ ಎಂದು ನಾನು ಹಿಂದೆ ಹೋದೆ. ಕೊಡ ಹೊತ್ತು ಅಭ್ಯಾಸವಿಲ್ಲದ ಮನುಷ್ಯ. ಅರ್ಧ ನೀರು ದಾರಿಗೆ, ಮಿಕ್ಕದ್ದರಲ್ಲಿ ಅರ್ಧ ನಿಲುವಂಗಿಗೆ. ಉಳಿದ ಸ್ವಲ್ಪವನ್ನು ಆ ಬೋಳು ಬಂಡೆಯ ಎದೆಯ ಮೇಲೆ, ತಾವು ಪಾಚಿ ಎಬ್ಬಿಸಿದ ಜಾಗದ ಮೇಲೆ, ನಿಧಾನಕ್ಕೆ ಹೊಯ್ದರು. ಕಲ್ಲು ಚುಂಯ್ ಎಂದು ಕುಡಿಯಿತು. ಅಬ್ಬಿಯಿಂದ ನೀರು ತರುವುದನ್ನು ಕಂಡಿದ್ದೆ. ಅಬ್ಬಿಗೆ ನೀರು ಒಯ್ಯುವುದನ್ನು ಅಂದೇ ಕಂಡದ್ದು. ಇವರಿಗೆ ತಲೆ ಕೆಟ್ಟಿತು ಎಂದು ಒಂದು ಕ್ಷಣ ಅನಿಸಿದರೂ, ಏಕೋ ನಾನೂ ನನ್ನ ತಲೆಗೆ ಸುತ್ತಿದ್ದ ಟವೆಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡೆ.

ಬಾವಿ ಕೆಳಮನೆಯಮ್ಮನದ್ದು. ಗಂಡ ತೀರಿಹೋದ ಮೇಲೆ ಗದ್ದೆ, ಹಟ್ಟಿ ಎಲ್ಲ ಒಬ್ಬರೇ ನೋಡಿಕೊಳ್ಳುತ್ತಿದ್ದ ಗಟ್ಟಿ ಹೆಂಗಸು. ಅಬ್ಬಿ ನಿಂತು ಅವರ ಗದ್ದೆಯೂ ಒಣಗಿ ಬಿರುಕು ಬಿಟ್ಟಿತ್ತು. ಹಾಗಿದ್ದೂ ನಮಗೆ ಬಾವಿಗೆ ಇಳಿಯಬೇಡಿ ಎಂದವರಲ್ಲ. ಆದರೆ ನೀರು ಎಲ್ಲಿಗೆ ಹೋಗುತ್ತದೆ ಎಂದು ತಿಳಿದ ದಿನ ಸುಮ್ಮನಿರಲಿಲ್ಲ.

"ಎಂತ ಫಾದರೇ ಇದು? ಕುಡಿಯಲೇ ನೀರಿಲ್ಲೆ, ನಿಂಗ ಕಲ್ಲಿಗೆ ಹಾಕ್ತ್ರಿ! ಕಲ್ಲು ನೀರು ಕುಡಿತ?"

"ಇಷ್ಟು ಕಾಲ ಅದೇ ನಮಗೆ ಕುಡಿಸಿತಲ್ಲ ಅಮ್ಮಾ," ಎಂದರು ಫಾದರ್. "ಬೇಡ ಅಂದ್ರೆ ಬಿಡ್ತೇನೆ. ಬಾವಿ ನಿಮ್ಮದು."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ಬೇಡ ಎನ್ನಲಿಲ್ಲ.

ತಪಸ್ಸುಕಾಲದ ಶುಕ್ರವಾರಗಳಲ್ಲಿ ನಮ್ಮಲ್ಲಿ ಶಿಲುಬೆಯ ಹಾದಿ ಎಂಬ ಪ್ರಾರ್ಥನೆ. ಯೇಸು ಶಿಲುಬೆ ಹೊತ್ತು ನಡೆದದ್ದನ್ನು ಒಂದೊಂದು ಹಂತದಲ್ಲಿ ನಿಂತು ನೆನೆಯುವುದು. ಚರ್ಚಿನ ಗೋಡೆಯ ಚಿತ್ರಗಳ ಎದುರೇ ಮಾಡುತ್ತಿದ್ದೆವು. ಆ ಶುಕ್ರವಾರ ಫಾದರ್ ಅದನ್ನು ಗುಡ್ಡದ ದಾರಿಗೆ ಒಯ್ದರು. ಯಾರಿಗೂ ನೀರು ತನ್ನಿ ಎಂದು ಹೇಳಲಿಲ್ಲ. ತಾವು ಮಾತ್ರ ಕೊಡ ಹೊತ್ತು ಮುಂದೆ ನಡೆದರು. ಮೊದಲ ವಾರ ನಾವು ಬರಿಗೈಯಲ್ಲಿ ಹಿಂದೆ ನಡೆದೆವು, ನಾಚಿಕೆಯಾಯಿತು. ಮುಂದಿನ ವಾರ ನನ್ನ ಹೆಂಡತಿ ಒಂದು ಚೊಂಬು ತುಂಬಿಕೊಂಡು ಬಂದಳು. ಅದರ ಮುಂದಿನ ವಾರ ಕೊಡ, ಬಿಂದಿಗೆ, ಕ್ಯಾನು, ಔಷಧಿಯ ಖಾಲಿ ಬಾಟಲಿ, ಯಾರ ಮನೆಯಲ್ಲಿ ಏನಿತ್ತೋ ಅದು. ಪಾತ್ರೆ ತೊಳೆಯದೆ, ಸ್ನಾನದ ನೀರಲ್ಲಿ ಕಡಿತ ಮಾಡಿ, ಆ ವಾರವೆಲ್ಲ ಉಳಿಸಿದ ನೀರು ಅದು. ಸಂಜೆಯ ಬಿಸಿಲಲ್ಲಿ ಕೀರ್ತನೆ ಹೇಳುತ್ತ ಸಾಲಾಗಿ ಗುಡ್ಡ ಹತ್ತಿದೆವು. ತಲೆಯ ಮೇಲಿನ ಕೊಡ ತುಳುಕಿ ಹೆಂಗಸರ ಮುಖದ ಮೇಲೆ ಇಳಿಯುತ್ತಿತ್ತು, ಅದು ನೀರೋ ಕಣ್ಣೀರೋ ಎಂದು ಕೇಳುವ ಹಾಗಿರಲಿಲ್ಲ. ಕೊನೆಯಲ್ಲಿ ಒಬ್ಬೊಬ್ಬರಾಗಿ ಬಂಡೆಗೆ ನೀರು ಹೊಯ್ದೆವು. ಬೋಳು ಕಲ್ಲು ಒದ್ದೆಯಾಗಿ ಹೊಳೆಯಿತು. ನಾನು ನೂರಾರು ಪೂಜೆಗೆ ಹೋಗಿದ್ದೇನೆ, ದೊಡ್ಡ ದೊಡ್ಡ ಚರ್ಚುಗಳನ್ನು ನೋಡಿದ್ದೇನೆ. ದೇವರು ಪಕ್ಕದಲ್ಲೇ ನಿಂತಿದ್ದಾನೆ ಎಂದು ಅನಿಸಿದ್ದು ಅಲ್ಲಿ, ಆ ಕಲ್ಲಿನ ಮುಂದೆ.

ಹಿಂತಿರುಗಿ ನೋಡಿದರೆ ಸಾಲಿನ ಕೊನೆಯಲ್ಲಿ, ನಮ್ಮಿಂದ ಸ್ವಲ್ಪ ದೂರ ಬಿಟ್ಟು, ಕೆಳಮನೆಯಮ್ಮ. ಸೊಂಟದಲ್ಲಿ ಕೊಡ.

"ಆನು ನಿಂಗಳ ಮೆರವಣಿಗೆಗೆ ಬಂದಿದ್ದಲ್ಲ ಮತ್ತೆ," ಎಂದರು. "ನೀರು ಯಂಗಕ್ಕೂ ಬೇಕು, ಅದಕ್ಕೆ ಬಂದಿದ್ದು. ಚಂದಗುಳಿ ಗಣಪತಿಗೆ ಗಂಟೆ ಕಟ್ತೆ ಹೇಳಿ ಹರಕೆನೂ ಹೊತ್ಗಂಡಿದ್ದಿ."

"ಒಳ್ಳೇದಾಯ್ತು," ಎಂದರು ಫಾದರ್. "ಗಣಪತಿ ಈ ಊರಿಗೆ ನನಗಿಂತ ಹಳಬ."

ಗರಿಗಳ ಭಾನುವಾರ ಬಂತು. ಎಲ್ಲರೂ ತೆಂಗಿನ ಗರಿ ಹಿಡಿದು ಚರ್ಚಿಗೆ ಬರುವ ದಿನ. ಆಶೀರ್ವಾದ ಮಾಡಿಸಿದ ಗರಿಯನ್ನು ಮನೆಗೆ ಒಯ್ದು ಶಿಲುಬೆಗೆ ಸಿಕ್ಕಿಸುವುದು ವಾಡಿಕೆ. ಒಂದೆಳೆ ಮನೆಗೆ ಸಾಕು, ಉಳಿದದ್ದನ್ನು ಕಲ್ಲಿಗೆ ಕೊಡಿ ಎಂದರು ಫಾದರ್. ನಾನು ಬಂಡೆಯ ಸುತ್ತ ನಾಲ್ಕು ಗೂಟ ನೆಟ್ಟು, ಗರಿ ಹೊದಿಸಿ ಚಪ್ಪರ ಮಾಡಿಕೊಟ್ಟೆ. ಮೇಲಿನ ಕಾಡಿನ ತರಗೆಲೆಯನ್ನು ಗುಡಿಸದೆ ಬಿಡೋಣ ಎಂದು ಕೆಳಮನೆಯಮ್ಮನೇ ಹೇಳಿದರು. ಅವರಿಗೆ ಹಟ್ಟಿಗೆ ಹಾಸಲು ಅದು ಬೇಕಿತ್ತು, ಆದರೂ ಹೇಳಿದರು.

ಆ ಬೇಸಿಗೆ ನೀರು ಬರಲಿಲ್ಲ.

ಮಳೆಗಾಲದಲ್ಲಿ ಅಬ್ಬಿ ತುಂಬಿ ಹರಿಯಿತು, ಅದು ಹರಿಯಲೇಬೇಕು. ಬಂಡೆಯ ಮೇಲೆ ಹಸಿರು ಧೂಳಿನ ಹಾಗೆ ಏನೋ ಕಂಡಿತು. ಫಾದರ್ ಉಂಬಳದ ಹೆದರಿಕೆಯನ್ನೂ ಮರೆತು, ಮಳೆಯಲ್ಲಿ ಕೊಡೆ ಹಿಡಿದು ಅದನ್ನು ನೋಡಲು ಹೋಗಿ, ಕಾಲ ತುಂಬ ರಕ್ತ ಮಾಡಿಕೊಂಡು ಬಂದರು. "ಬಂದದೆ ಮಾರಾಯ, ಬಂದದೆ!" ಎಂದು ಕೂಗುತ್ತ ಬಂದದ್ದು ನನಗೆ ಈಗಲೂ ಕಿವಿಯಲ್ಲಿದೆ. ಆದರೆ ಮುಂದಿನ ಮಾರ್ಚಿಗೆ ಮತ್ತೆ ಒಣಗಿತು. ನಾವು ಮತ್ತೆ ಕೊಡ ಹೊತ್ತೆವು.

ನಡುವೆ ಬಂದ ಕ್ರಿಸ್ಮಸ್ಸಿನ ಕಥೆಯನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಪಾಚಿ ಮುಟ್ಟುವ ಹಾಗಿಲ್ಲ, ಹಾಗಾದರೆ ಗೋದಲಿಗೆ ಹಸಿರು ಎಲ್ಲಿಂದ? ಫಾದರಿಗೆ ಅವರ ಅವ್ವ ಮಾಡುತ್ತಿದ್ದದ್ದು ನೆನಪಾಯಿತು. ಕ್ರಿಸ್ಮಸ್ಸಿಗೆ ಮೊದಲಿನ ಅಡ್ವೆಂಟ್ ವಾರಗಳು ಶುರುವಾದೊಡನೆ ಬಟ್ಟಲಲ್ಲಿ ಮಣ್ಣು ಹಾಕಿ ರಾಗಿ ಬಿತ್ತುವುದು. ಹಬ್ಬಕ್ಕೆ ಹುಲ್ಲುಗಾವಲು ತಯಾರು. ನಾವು ಚರ್ಚಿನ ಮೂಲೆಯಲ್ಲಿ ಮಣ್ಣು ಹರಡಿ ರಾಗಿ ಬಿತ್ತಿದೆವು. ಉಮೇದಿನಲ್ಲಿ ತೀರ ಮೊದಲೇ ಬಿತ್ತಿದ್ದು ತಪ್ಪಾಯಿತು. ಹಬ್ಬದ ಹೊತ್ತಿಗೆ ಪೈರು ಮೊಣಕೈ ಉದ್ದ ಬೆಳೆದು, ಕುರಿಗಳೆಲ್ಲ ಮುಳುಗಿಹೋಗಿ, ಕುರುಬರ ಟೋಪಿ ಮಾತ್ರ ಕಾಣುತ್ತಿತ್ತು. ಯೇಸುವನ್ನು ನೋಡಲು ಬಂದ ಮೂವರು ರಾಯರು ಹುಲ್ಲಿನಲ್ಲಿ ದಾರಿ ತಪ್ಪಿದ ಹಾಗೆ ನಿಂತಿದ್ದರು. ಸ್ಪರ್ಧೆಯವರು ಬಂದು, ಕನ್ನಡಕ ಸರಿಮಾಡಿಕೊಂಡು, ಬಾಲಯೇಸು ಎಲ್ಲಿ ಎಂದು ಕೇಳಿದರು! ನನ್ನ ದೀಪವೆಲ್ಲ ಹುಲ್ಲಿನೊಳಗೆ ಹೂತುಹೋಗಿ ನನಗೆ ಅಳು ಬರುವುದೊಂದು ಬಾಕಿ. ಫಾದರ್ ಮಾತ್ರ ಬಹಳ ತಿಂಗಳ ಮೇಲೆ ಮೊದಲಿನ ಹಾಗೆ ನಕ್ಕರು, ಪಾರಿವಾಳ ಹಾರಿದವು. ಹಬ್ಬ ಮುಗಿದ ಮೇಲೆ ಆ ಪೈರನ್ನು ಕೊಯ್ದು ಕೆಳಮನೆಯಮ್ಮನ ಈದ ಹಸುವಿಗೆ ತಾವೇ ತಿನ್ನಿಸಿ ಬಂದರು.

ಪಾದ್ರಿಗಳಿಗೆ ಒಂದೇ ಊರು ಬರೆದಿರುವುದಿಲ್ಲ. ಕೆಲವು ವರ್ಷ ಕಳೆದು ಅವರಿಗೆ ವರ್ಗವಾಯಿತು. ಮೇ ತಿಂಗಳು. ಬಂಡೆಯ ಅಂಚುಗಳಲ್ಲಿ ಆಗ ಪಾಚಿ ನಿಜಕ್ಕೂ ಹಿಡಿದಿತ್ತು, ಬೇಸಿಗೆಯಲ್ಲಿ ಕಂದಿದರೂ ಸಾಯುತ್ತಿರಲಿಲ್ಲ. ಆದರೆ ಗುಂಡಿ ಒಣಗಿಯೇ ಇತ್ತು, ಬಂಡೆಯ ನಡು ಎದೆ ಬೋಳಾಗಿಯೇ ಇತ್ತು. ಹೊರಡುವ ಬೆಳಿಗ್ಗೆ ಫಾದರ್ ಕೊನೆಯ ಕೊಡ ಹೊತ್ತು ಹತ್ತಿದರು. ಆ ಹೊತ್ತಿಗೆ ಅವರಿಗೆ ಒಂದು ಹನಿಯೂ ಚೆಲ್ಲದೆ ಹೊರುವುದು ಬರುತ್ತಿತ್ತು. ತಮ್ಮ ಜಾಗಕ್ಕೆ ನೀರು ಹೊಯ್ದು, ಒದ್ದೆ ಕಲ್ಲಿಗೆ ಹಣೆ ತಾಗಿಸಿ ನಿಂತರು. ನಾನು ಬೇರೆ ಕಡೆ ನೋಡಿದೆ.

"ಬೇಸಿಗೆಯಲ್ಲೂ ನೀರು ಉಳಿದರೆ ಒಂದು ಫೋನ್ ಮಾಡು ಮಾರಾಯ," ಎಂದರು ಇಳಿಯುವಾಗ. "ಮಧ್ಯರಾತ್ರಿ ಆದ್ರೂ ಅಡ್ಡಿಲ್ಲ."

ಹೊಸ ಫಾದರ್ ಬಂದರು. ಕೊಡದ ಶುಕ್ರವಾರಗಳನ್ನು ಅವರು ನಿಲ್ಲಿಸಲಿಲ್ಲ, ನಿಲ್ಲಿಸಲು ನನ್ನ ಹೆಂಡತಿ ಬಿಡುತ್ತಲೂ ಇರಲಿಲ್ಲ. ಹೀಗೇ ಬೇಸಿಗೆಗಳು ಹೋದವು... ಕಾಡಿನ ನೆಲದಲ್ಲಿ ತರಗೆಲೆ ದಪ್ಪವಾಯಿತು, ಬಂಡೆಯ ತಲೆಯ ಮೇಲೆ ಯಾರೂ ನೆಡದ ಗಿಡಗಳೆದ್ದು ನೆರಳಾದವು. ಒಂದು ಏಪ್ರಿಲ್ ಬೆಳಿಗ್ಗೆ ನಾನು ಯಾರದ್ದೋ ಪಂಪು ಬಿಚ್ಚಿಕೊಂಡು ಕೂತಿದ್ದೆ. ಕೆಳಮನೆಯಮ್ಮ ಅಂಗಳಕ್ಕೆ ಓಡಿ ಬಂದರು. ಆ ವಯಸ್ಸಿನಲ್ಲಿ ಅವರು ಓಡಿದ್ದನ್ನು ನಾನು ಕಂಡಿರಲಿಲ್ಲ.

"ಬನ್ನಿ, ಬೇಗ ಬನ್ನಿ! ಅಬ್ಬಿ ಇನ್ನೂ ಬೀಳ್ತಾ ಇದ್ದು!"

ಹೌದು. ಎಷ್ಟೋ ವರ್ಷಗಳ ಮೇಲೆ, ಏಪ್ರಿಲ್ ಬಿಸಿಲಲ್ಲಿ, ದಾರದಷ್ಟು ಸಪೂರ ಧಾರೆ. ಆ ವಾರ ನಾವು ಗುಡ್ಡಕ್ಕೆ ನೀರು ಒಯ್ದಿರಲಿಲ್ಲ, ಅದು ನಾವು ಹೊಯ್ದ ನೀರಲ್ಲ. ಕಲ್ಲು ತಾನಾಗಿ ಕೊಟ್ಟದ್ದು. ನಾನು ಅಲ್ಲೇ ಕೂತುಬಿಟ್ಟೆ. ನಮ್ಮ ಊರಲ್ಲಿ ಮೊಬೈಲಿನ ಸಿಗ್ನಲ್ ಸಿಗುವುದು ಆ ಗುಡ್ಡದ ಮೇಲೆ ಮಾತ್ರ, ಅದೊಂದು ಪುಣ್ಯ. ಫೋನ್ ಮಾಡಿದೆ. ಫಾದರ್ ಆಗ ಸಮುದ್ರದ ಕಡೆ, ವಯಸ್ಸಾದ ಪಾದ್ರಿಗಳ ಮನೆಯಲ್ಲಿದ್ದರು.

"ಉಳಿದಿದೆ ಫಾದರ್. ನೀರು ಉಳಿದಿದೆ."

"ಕೇಳಿಸು," ಎಂದರು.

ನಾನು ಗುಂಡಿಯ ಪಕ್ಕ ಬಗ್ಗಿ ಫೋನನ್ನು ಧಾರೆಯ ಹತ್ತಿರ ಹಿಡಿದೆ. ಎಲ್ಲಿ ನೀರಿಗೆ ಬೀಳಿಸುತ್ತೇನೋ ಎಂದು ಹೆದರಿಕೆ. ಬಹಳ ಹೊತ್ತು ಹಿಡಿದೇ ಇದ್ದೆ. ಕೊನೆಗೆ ಕಿವಿಗೆ ಇಟ್ಟುಕೊಂಡರೆ ಉಸಿರು ಮಾತ್ರ ಕೇಳಿಸುತ್ತಿತ್ತು. ಆ ಉಸಿರಿನ ನಡುವೆ ಸಣ್ಣಗೆ, "ಗೋಡ್ ಉದಾಕ್" ಎಂದರು.

ಕೆಳಮನೆಯಮ್ಮ ಫೋನು ಕಸಿದುಕೊಂಡು, ನಾಳೆಯೇ ಗಣಪತಿಗೆ ಗಂಟೆ ಕಟ್ಟುತ್ತೇನೆ ಎಂದು ಜೋರಾಗಿ ಹೇಳಿದರು. ನನ್ನ ಪರವಾಗಿಯೂ ಒಂದು ಸಲ ಬಾರಿಸಿ ಎಂದರಂತೆ ಫಾದರ್. ಬಾರಿಸಿದರು, ನಾನೇ ಜೊತೆಗೆ ಹೋಗಿದ್ದೆ.

ಅಂದಿನಿಂದ ಅದೊಂದು ರೂಢಿಯಾಯಿತು. ಪ್ರತಿ ಬೇಸಿಗೆ, ಶುಕ್ರವಾರದ ಪ್ರಾರ್ಥನೆ ಮುಗಿದ ಮೇಲೆ, ನಾನು ಫೋನ್ ಮಾಡಿ ನೀರಿಗೆ ಹಿಡಿಯುತ್ತಿದ್ದೆ. ಮಾತು ಹೆಚ್ಚಿರಲಿಲ್ಲ. ಬರಬರುತ್ತ ಅವರಿಗೆ ಕಿವಿ ಮಂದವಾಯಿತು. ನಾನು ಏನು ಹೇಳಿದರೂ "ಹಾಂ? ಹಾಂ?" ಎನ್ನುತ್ತಿದ್ದವರಿಗೆ ಈ ನೀರು ಮಾತ್ರ ಹೇಗೆ ಕೇಳಿಸುತ್ತಿತ್ತೋ ದೇವರಿಗೇ ಗೊತ್ತು.

ಈ ಮಳೆಗಾಲದಲ್ಲಿ ಅವರು ಹೋದರು. ಮಣ್ಣಿಗೆ ನಾವೆಲ್ಲ ಒಂದು ಟೆಂಪೋ ಮಾಡಿಕೊಂಡು ಘಟ್ಟ ಇಳಿದೆವು. ಹೊರಡುವಾಗ ಯಾರೋ, ಅವರ ಸಮಾಧಿಗೆ ನಮ್ಮ ಬಂಡೆಯ ಪಾಚಿ ಒಂದು ಹಿಡಿ ಒಯ್ಯೋಣ, ಹಸಿರಾಗಿ ಚೆಂದ ಕಾಣುತ್ತದೆ ಎಂದರು. "ಒಯ್ದು ನೋಡಿ, ಎದ್ದು ಬಂದು ಬಯ್ತಾರೆ," ಎಂದಳು ನನ್ನ ಹೆಂಡತಿ. ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ಅಳು ತಡೆಯಲಾಗಲಿಲ್ಲ. ಅವರದ್ದೇ ತಾಮ್ರದ ಕೊಡದಲ್ಲಿ ಅಬ್ಬಿ ನೀರ​ನ್ನು ಒಯ್ದೆವು. ಅವರ ಸಮಾಧಿಯ ಮರಳಿನ ಮೇಲೆ ಹೊಯ್ದೆವು, ಕ್ಷಣದಲ್ಲಿ ಇಂಗಿಹೋಯಿತು.

ಮೊನ್ನೆ ಶಿರಸಿಯಿಂದ ಬಂದವನು ಬಸ್ಸಿಳಿದು ಮನೆಗೂ ಹೋಗದೆ ಚೀಲಗಳೊಂದಿಗೆ ನೇರ ಗುಡ್ಡ ಹತ್ತಿದೆ. ಬಂಡೆ ಈಗ ಸುತ್ತಲೂ ಹಸಿರು. ನಡುವೆ ಫಾದರ್ ಕಿತ್ತ ಜಾಗ ಮಾತ್ರ ಇನ್ನೂ ಬೋಳು, ಸುತ್ತಲಿಂದ ಹಬ್ಬುತ್ತ ಬಂದು ಚಿಕ್ಕದಾಗಿದೆ, ಮುಚ್ಚಿಲ್ಲ. ಒಂದೊಂದೇ ಚೀಲ ಬಿಚ್ಚಿ, ಆ ಗೊತ್ತಿಲ್ಲದ ಕಾಡಿನ ಪಾಚಿಯನ್ನು ಅಲ್ಲಿ ಹಾಸಿ, ಅಂಗೈಯಿಂದ ಒತ್ತಿ ಒತ್ತಿ ಕೂರಿಸಿದೆ. ಹಿಡಿಯುತ್ತದೋ ಇಲ್ಲವೋ ಗೊತ್ತಿಲ್ಲ. ಒಂದು ಕಲ್ಲಿನದ್ದನ್ನು ಇನ್ನೊಂದು ಕಲ್ಲಿಗೆ ಹಚ್ಚಿದರೆ ಹಿಡಿಯಬೇಕೆಂದು ಏನಿದೆ? ಬೊಗಸೆಯಲ್ಲಿ ನೀರು ತಂದು ಮೇಲೆ ಹೊಯ್ದೆ. ಕೈಯೆಲ್ಲ ಆ ವಾಸನೆ.

ಕೆಲಸ ಮುಗಿಸಿ ಗುಂಡಿಯ ಪಕ್ಕ ಕೂತೆ. ಧಾರೆ ಬೀಳುತ್ತಿತ್ತು. ಕೈ ತಾನಾಗಿ ಜೇಬಿಗೆ ಹೋಗಿ ಫೋನು ತೆಗೆಯಿತು. ಅವರ ನಂಬರ್ ಇನ್ನೂ ಹಾಗೇ ಇದೆ... ಅಳಿಸಿಲ್ಲ. ಸ್ವಲ್ಪ ಹೊತ್ತು ಅದನ್ನೇ ನೋಡಿದೆ. ಆಮೇಲೆ ಯಾರಿಗೂ ಫೋನ್ ಮಾಡದೆ, ಸುಮ್ಮನೆ, ಬಗ್ಗಿ ನೀರಿನ ಹತ್ತಿರ ಹಿಡಿದೆ.